ರೆಡಿ ಇರೋದು ಬೇರೆ, ಮುಗಿದಿರೋದು ಬೇರೆ: ಅಸಿಂಕ್ರೊನಸ್ ಐಓ ಸೆಟಪ್ ಬಗ್ಗೆ ಮಾತಾಡಿದ್ದು

(ಮಾತಾಡಿದ್ದನ್ನೇ ಬರಹಕ್ಕೆ ಇಳಿಸಿದೀನಿ. ಅವತ್ತು ಟೈಮ್ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದೀನಿ, ಕೊನೇಲಿ ಬಂದ ಪ್ರಶ್ನೆಗಳೂ ಇವೆ.)

ಎಲ್ರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರ್ತೀನಿ. ಅಸಿಂಕ್ರೊನಸ್ ಐಓ, ಅಂದ್ರೆ ಓದೋದು ಬರೆಯೋದು (ಇನ್‌ಪುಟ್, ಔಟ್‌ಪುಟ್) ಮುಗಿಯೋವರೆಗೂ ಕಾಯ್ತಾ ನಿಲ್ದೆ ಬೇರೆ ಕೆಲಸಕ್ಕೆ ಹೋಗೋದು, ಅದರ ಬಗ್ಗೆ ಇವತ್ತಿನ ಮಾತು. ನೀವು ಯಾವ ಭಾಷೆಯಲ್ಲೇ ಕೋಡ್ ಬರೀರಿ, ಅಸಿಂಕ್, ಅವೇಟ್ ಅಂತ ಏನೇ ಹಾಕಿ, ಕೊನೆಗೆ ಅದು ಬಂದು ನಿಲ್ಲೋದು ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬಾಗಿಲಲ್ಲಿ. ಅಲ್ಲಿ ಯಾವ ಸಿಸ್ಟಮ್ ಕಾಲ್ (ಕರ್ನಲ್‌ಗೆ ಕೆಲಸ ಹೇಳೋ ಕರೆ) ಕರೀತಾ ಇದೆ, ಕರ್ನಲ್ ಏನು ಉತ್ತರ ಕೊಡ್ತಾ ಇದೆ ಅನ್ನೋದು ಗೊತ್ತಿಲ್ದೆ ಮೇಲೆ ಎಷ್ಟು ಚಂದ ಬರೆದ್ರೂ, ಲೋಡ್ ಬಂದಾಗ ಸರ್ವರ್ ಯಾಕೆ ತಡವರಿಸ್ತಿದೆ ಅಂತ ಹೇಳೋಕೆ ಆಗಲ್ಲ. ಇವತ್ತು ಆ ಬಾಗಿಲ ಹತ್ರಾನೇ ನಿಂತು ನೋಡೋಣ. ಹೆಚ್ಚಾಗಿ ಲಿನಕ್ಸ್ ಬಗ್ಗೆ ಹೇಳ್ತೀನಿ, ನಡುವೆ ಬೇರೆ ಸಿಸ್ಟಮ್‌ಗಳೂ ಬರ್ತವೆ, ಯಾಕಂದ್ರೆ ಈ ವಿಷಯದಲ್ಲಿ ಲಿನಕ್ಸ್ ಬೇರೆಯವರಿಗಿಂತ ತಡವಾಗಿ ದಾರಿಗೆ ಬಂತು.

ಮೊದಲು ಮಾಮೂಲಿ ರೀಡ್ ಕಾಲ್ ತಗೊಳ್ಳಿ. ಒಂದು ಸಾಕೆಟ್ (ನೆಟ್‌ವರ್ಕ್ ಕನೆಕ್ಷನ್‌ನ ನಿಮ್ಮ ಕಡೆ ತುದಿ) ಮೇಲೆ ರೀಡ್ ಕರೀತೀರ, ಅಲ್ಲಿ ಡೇಟಾ ಇನ್ನೂ ಬಂದಿಲ್ಲ. ಕರ್ನಲ್ ಏನ್ ಮಾಡುತ್ತೆ ಅಂದ್ರೆ ನಿಮ್ಮ ಥ್ರೆಡ್‌ನ ಆ ಸಾಕೆಟ್‌ನ ವೇಟ್ ಕ್ಯೂಗೆ ಸೇರಿಸಿ ಮಲಗಿಸುತ್ತೆ, ಸಿಪಿಯುನ ಬೇರೆ ಯಾರಿಗೋ ಕೊಡುತ್ತೆ. ಪ್ಯಾಕೆಟ್ ಬಂದಾಗ ಇಂಟರಪ್ಟ್ ಬರುತ್ತೆ, ನೆಟ್‌ವರ್ಕ್ ಸ್ಟ್ಯಾಕ್ ಡೇಟಾನ ಸಾಕೆಟ್ ಬಫರ್‌ಗೆ ಹಾಕುತ್ತೆ, ವೇಟ್ ಕ್ಯೂನಲ್ಲಿ ಇರೋವ್ರನ್ನ ಎಬ್ಬಿಸುತ್ತೆ, ನಿಮ್ಮ ಥ್ರೆಡ್ ಎದ್ದು ಡೇಟಾನ ನಿಮ್ಮ ಬಫರ್‌ಗೆ ಕಾಪಿ ಮಾಡ್ಕೊಂಡು ವಾಪಸ್ ಬರುತ್ತೆ. ಇಲ್ಲಿ ಸಿಪಿಯು ವೇಸ್ಟ್ ಆಗ್ತಿದೆ ಅಂತ ತುಂಬ ಜನ ಅಂದ್ಕೊಂಡಿರ್ತಾರೆ, ಹಂಗೇನಿಲ್ಲ. ಕಟ್ಟಿಹಾಕಿದಂಗೆ ಆಗೋದು ಥ್ರೆಡ್ ಮಾತ್ರ. ನೂರು ಕನೆಕ್ಷನ್ ಇದ್ರೆ ನೂರು ಥ್ರೆಡ್ ಮಲಗಿರ್ಲಿ ಬಿಡಿ, ಏನೂ ತೊಂದ್ರೆ ಇಲ್ಲ. ಹತ್ತು ಸಾವಿರ ಆದಾಗ ಕಥೆ ಬೇರೆ. ಲಿನಕ್ಸ್‌ನಲ್ಲಿ ಒಂದು ಥ್ರೆಡ್‌ಗೆ ಸಾಮಾನ್ಯವಾಗಿ 8 ಎಂಬಿ ಸ್ಟ್ಯಾಕ್ ಜಾಗ ಕಾದಿಡ್ತಾರೆ, ಅದು ಬರೀ ವರ್ಚುಯಲ್ ಅಡ್ರೆಸ್, ಮುಟ್ಟಿದಷ್ಟೇ ನಿಜವಾದ ಮೆಮೊರಿ ತಗೊಳ್ಳುತ್ತೆ ಅನ್ನೋದು ಸರಿನೇ, ಆದ್ರೂ ಕರ್ನಲ್ ಒಳಗಿನ ಸ್ಟ್ಯಾಕು, ಶೆಡ್ಯೂಲರ್ ಲೆಕ್ಕ, ಮಲಗಿ ಎದ್ದಾಗೆಲ್ಲ ಕಾಂಟೆಕ್ಸ್ಟ್ ಸ್ವಿಚ್ಚು (ಸಿಪಿಯು ಒಂದು ಥ್ರೆಡ್ ಬಿಟ್ಟು ಇನ್ನೊಂದಕ್ಕೆ ಹೋಗೋದು), ಎಲ್ಲ ಸೇರಿ ಭಾರ ಆಗೇ ಆಗುತ್ತೆ.

ಇದಕ್ಕೆ ಹಳೇ ಪರಿಹಾರ ನಾನ್‌ಬ್ಲಾಕಿಂಗ್ ಮೋಡ್. ಎಫ್‌ಡಿ (ಫೈಲ್ ಡಿಸ್ಕ್ರಿಪ್ಟರ್, ತೆರೆದ ಫೈಲ್ ಅಥವಾ ಸಾಕೆಟ್‌ಗೆ ಕರ್ನಲ್ ಕೊಡೋ ನಂಬರ್) ಮೇಲೆ ಓ-ನಾನ್‌ಬ್ಲಾಕ್ ಫ್ಲ್ಯಾಗ್ ಹಾಕ್ತೀರ, ಆಮೇಲೆ ರೀಡ್ ಕರೆದಾಗ ಡೇಟಾ ಇಲ್ದಿದ್ರೆ ಮಲಗಿಸೋ ಬದಲು ಈ-ಅಗೇನ್ ಅಂತ ಎರರ್ ಕೊಟ್ಟು ತಕ್ಷಣ ಕಳಿಸುತ್ತೆ. ಅಂದ್ರೆ "ಈಗಿಲ್ಲ, ಆಮೇಲೆ ಬಾ". ಆಮೇಲೆ ಅಂದ್ರೆ ಯಾವಾಗ? ಅದನ್ನ ಹೇಳಲ್ಲ. ಸುಮ್ನೆ ಲೂಪ್‌ನಲ್ಲಿ ಕೇಳ್ತಾನೇ ಇದ್ರೆ, ಆಗ ನಿಜವಾಗ್ಲೂ ಸಿಪಿಯು ಸುಡುತ್ತೆ. ಅದಕ್ಕೇ "ಇಷ್ಟು ಎಫ್‌ಡಿಗಳಲ್ಲಿ ಯಾವುದು ರೆಡಿ ಆಯ್ತು ಹೇಳು" ಅಂತ ಒಟ್ಟಿಗೆ ಕೇಳೋ ಕಾಲ್‌ಗಳು ಬಂದಿದ್ದು. ಸೆಲೆಕ್ಟ್ 1983ರಲ್ಲಿ 4.2 ಬಿಎಸ್‌ಡಿ ಯುನಿಕ್ಸ್ ಜೊತೆ ಬಂತು. ಅದು ಬಿಟ್‌ಗಳ ಪಟ್ಟಿ ತಗೊಳ್ಳುತ್ತೆ, ಲಿನಕ್ಸ್‌ನಲ್ಲಿ ಸಿ ಲೈಬ್ರರಿ ಆ ಪಟ್ಟಿಗೆ ಕೊಡೋ ಸೈಜ್ 1024 ಬಿಟ್. ಅಂದ್ರೆ ಎಫ್‌ಡಿ ನಂಬರ್ 1024 ಅಥವಾ ಅದಕ್ಕಿಂತ ಮೇಲೆ ಹೋದ್ರೆ ಆ ಸೆಟ್‌ನಲ್ಲಿ ಅದಕ್ಕೆ ಜಾಗಾನೇ ಇಲ್ಲ, ಆದ್ರೂ ಸೆಟ್ ಮಾಡೋಕೆ ಹೋದ್ರೆ ಪಕ್ಕದ ಮೆಮೊರಿ ಮೇಲೆ ಬರೆದುಬಿಡಬಹುದು. ಇದು ಈಗ್ಲೂ ಹಳೇ ಕೋಡ್‌ಗಳಲ್ಲಿ ಇರೋ ಅಪಾಯ, ನೀವು ಸೆಲೆಕ್ಟ್ ಕಂಡ್ರೆ ದಯವಿಟ್ಟು ಪೋಲ್‌ಗಾದ್ರೂ ಬದಲಾಯಿಸಿ. ಪೋಲ್‌ನಲ್ಲಿ ಈ ಮಿತಿ ಇಲ್ಲ, ಆದ್ರೆ ಎರಡರಲ್ಲೂ ಒಂದೇ ದೊಡ್ಡ ಕೊರತೆ: ಪ್ರತಿ ಸಲ ಇಡೀ ಪಟ್ಟಿ ಕರ್ನಲ್‌ಗೆ ಕಾಪಿ ಆಗ್ಬೇಕು, ಕರ್ನಲ್ ಪ್ರತಿಯೊಂದನ್ನೂ ಮುಟ್ಟಿ ನೋಡ್ಬೇಕು, ವಾಪಸ್ ಬಂದ್ಮೇಲೆ ನೀವೂ ಇಡೀ ಪಟ್ಟಿ ಹುಡುಕ್ಬೇಕು. ಹತ್ತು ಸಾವಿರದಲ್ಲಿ ಮೂರು ಸಾಕೆಟ್‌ಗೆ ಡೇಟಾ ಬಂದಿದ್ರೂ ಕೆಲಸ ಹತ್ತು ಸಾವಿರದ್ದೇ.

1999ರ ಹೊತ್ತಿಗೆ ಡ್ಯಾನ್ ಕೆಗೆಲ್ ಈ ಸಮಸ್ಯೆಗೆ ಸಿ10ಕೆ ಅಂತ ಹೆಸರು ಕೊಟ್ರು, ಒಂದೇ ಮಷೀನ್‌ನಲ್ಲಿ ಹತ್ತು ಸಾವಿರ ಕ್ಲೈಂಟ್ ಹೇಗೆ ನಡೆಸೋದು ಅಂತ. 2000ದಲ್ಲಿ ಫ್ರೀಬಿಎಸ್‌ಡಿಗೆ ಜೊನಾಥನ್ ಲೆಮನ್ ಅವರ ಕೆಕ್ಯೂ ಬಂತು, 2002ರಲ್ಲಿ ಲಿನಕ್ಸ್‌ನ 2.5.44ಕ್ಕೆ ದಾವಿದೆ ಲಿಬೆಂಜಿ ಅವರ ಇಪೋಲ್ ಸೇರ್ತು, 2.6 ಮೂಲಕ ಎಲ್ರ ಕೈಗೂ ಬಂತು. ಎರಡರ ಐಡಿಯಾನೂ ಒಂದೇ, ಪಟ್ಟಿನ ಕರ್ನಲ್ ಒಳಗೇ ಇಡೋದು. ಒಂದು ಕಾಲ್‌ನಲ್ಲಿ ಇಪೋಲ್ ಕ್ರಿಯೇಟ್ ಮಾಡ್ತೀರ, ಇಪೋಲ್ ಕಂಟ್ರೋಲ್ ಕಾಲ್‌ನಿಂದ ಎಫ್‌ಡಿ ಸೇರಿಸ್ತೀರ ತೆಗೀತೀರ, ಇಪೋಲ್ ವೇಟ್ ಕರೆದ್ರೆ ರೆಡಿ ಇರೋವು ಮಾತ್ರ ಕೈಗೆ ಬರ್ತವೆ. ಮೂರೇ ಬಂದಿದ್ರೆ ಮೂರೇ.

ಇಲ್ಲಿ ಒಂದ್ನಿಮಿಷ ನಿಲ್ತೀನಿ, ಯಾಕಂದ್ರೆ ಇಪೋಲ್ ಉಪಯೋಗಿಸೋರು ಪದೇ ಪದೇ ಎಡವೋ ಜಾಗ ಇದು. ಇಪೋಲ್‌ನಲ್ಲಿ ಎರಡು ರೀತಿ ಇದೆ, ಲೆವೆಲ್ ಟ್ರಿಗರ್ಡ್ ಮತ್ತೆ ಎಡ್ಜ್ ಟ್ರಿಗರ್ಡ್. ಸಾಕೆಟ್‌ಗೆ 4096 ಬೈಟ್ ಬಂತು ಅಂತಿಟ್ಕೊಳ್ಳಿ. ಇಪೋಲ್ ವೇಟ್ ಹೇಳ್ತು, ನೀವು 2048 ಬೈಟ್ ಓದಿದ್ರಿ, ಮತ್ತೆ ಇಪೋಲ್ ವೇಟ್ ಕರೆದ್ರಿ. ಲೆವೆಲ್ ಆದ್ರೆ ಇನ್ನೂ 2048 ಉಳಿದಿದೆಯಲ್ಲ, ಅದಕ್ಕೇ ಮತ್ತೆ ಹೇಳುತ್ತೆ. ಎಡ್ಜ್ ಆದ್ರೆ ಹೇಳಲ್ಲ! ಅದು ಹೇಳೋದು ಹೊಸದಾಗಿ ಏನಾದ್ರೂ ಬಂದಾಗ ಮಾತ್ರ. ಈಗ ಆ ಕಡೆ ಇರೋ ಕ್ಲೈಂಟ್ ನಿಮ್ಮ ಉತ್ತರಕ್ಕೆ ಕಾಯ್ತಾ ಕೂತಿದೆ, ಅದು ಹೊಸದಾಗಿ ಏನೂ ಕಳಿಸಲ್ಲ, ನೀವು ಅದರ ಡೇಟಾಗೆ ಕಾಯ್ತಾ ಕೂತಿದೀರ, ಆದ್ರೆ ಡೇಟಾ ಆಗ್ಲೇ ನಿಮ್ಮ ಸಾಕೆಟ್ ಬಫರ್‌ನಲ್ಲಿದೆ. ಇಬ್ರೂ ಕೂತೇ ಇರ್ತೀರ. ಲೋಡ್ ಕಮ್ಮಿ ಇರೋ ಟೆಸ್ಟ್‌ನಲ್ಲಿ ಇದು ಬರೋದೇ ಇಲ್ಲ, ಯಾಕಂದ್ರೆ ಸಣ್ಣ ಮೆಸೇಜ್ ಒಂದೇ ರೀಡ್‌ನಲ್ಲಿ ಖಾಲಿ ಆಗಿರುತ್ತೆ. ಹಾಗಾಗಿ ಎಡ್ಜ್ ಇಟ್ಕೊಂಡ್ರೆ ನಿಯಮ ಒಂದೇ, ಈ-ಅಗೇನ್ ಬರೋವರೆಗೂ ಓದ್ತಾನೇ ಇರ್ಬೇಕು, ಅದಕ್ಕೆ ಎಫ್‌ಡಿ ನಾನ್‌ಬ್ಲಾಕಿಂಗ್ ಆಗಿರ್ಲೇಬೇಕು. ನನ್ನ ಅಭಿಪ್ರಾಯ ಕೇಳಿದ್ರೆ, ಎಡ್ಜ್ ಯಾಕೆ ಬೇಕು ಅಂತ ನಿಖರವಾದ ಕಾರಣ ಕೊಡೋಕಾಗ್ದಿದ್ರೆ ಲೆವೆಲ್‌ನಲ್ಲೇ ಇರಿ.

ಸರಿ, ಇಪೋಲ್ ಬಂತು, ಎಲ್ಲ ಮುಗೀತಾ? ಇಲ್ಲ. ಒಂದು ಮಾಮೂಲಿ ಡಿಸ್ಕ್ ಫೈಲ್ ಓಪನ್ ಮಾಡಿ ಅದರ ಎಫ್‌ಡಿನ ಇಪೋಲ್‌ಗೆ ಸೇರಿಸೋಕೆ ಹೋಗಿ. ಈ-ಪರ್ಮ್ (ಅನುಮತಿ ಇಲ್ಲ) ಅಂತ ಎರರ್ ಬರುತ್ತೆ. ಸೇರಿಸ್ಕೊಳ್ಳೋದೇ ಇಲ್ಲ. ಸೆಲೆಕ್ಟು, ಪೋಲು ಸೇರಿಸ್ಕೊಳ್ತವೆ, ಆದ್ರೆ ಯಾವಾಗ ಕೇಳಿದ್ರೂ "ರೆಡಿ" ಅಂತಾನೇ ಹೇಳ್ತವೆ. ಯಾಕೆ ಹಿಂಗೆ? ಸಾಕೆಟ್‌ನಲ್ಲಿ ಡೇಟಾ ತಾನಾಗೇ ಬರುತ್ತೆ, ನೀವು ಕೇಳ್ಲಿ ಬಿಡ್ಲಿ, ಅದಕ್ಕೇ "ಬಂತು" ಅನ್ನೋ ಘಟನೆಗೆ ಅರ್ಥ ಇದೆ. ಫೈಲ್‌ನಲ್ಲಿ ಯಾರೂ ಕೇಳ್ದೆ ಡಿಸ್ಕ್‌ನಿಂದ ಏನೂ ಬರಲ್ಲ. ಯಾವ ಜಾಗದಿಂದ ಎಷ್ಟು ಬೈಟ್ ಬೇಕು ಅಂತ ನೀವು ರೀಡ್ ಕರೆದ ಮೇಲೇನೇ ಡಿಸ್ಕ್‌ಗೆ ಕೆಲಸ ಹೋಗೋದು. ಕೇಳೋ ಮೊದಲೇ ರೆಡಿನಾ ಅಂದ್ರೆ ಯಾವುದು ರೆಡಿ ಅಂತ ಹೇಳ್ಬೇಕು ಕರ್ನಲ್? ಓ-ನಾನ್‌ಬ್ಲಾಕ್ ಫ್ಲ್ಯಾಗ್ ಹಾಕಿದ್ರೂ ಸಾಮಾನ್ಯ ಫೈಲ್‌ಗೆ ಅದು ಲೆಕ್ಕಕ್ಕಿಲ್ಲ, ಬೇಕಾದ ಪೇಜ್ ಆಗ್ಲೇ ಪೇಜ್ ಕ್ಯಾಷ್‌ನಲ್ಲಿ (ಡಿಸ್ಕ್‌ನ ಡೇಟಾನ ಕರ್ನಲ್ ಮೆಮೊರಿಯಲ್ಲಿ ಇಟ್ಕೊಳ್ಳೋ ಜಾಗ) ಇದ್ರೆ ಬೇಗ ಬರುತ್ತೆ, ಇಲ್ದಿದ್ರೆ ಡಿಸ್ಕ್‌ನಿಂದ ಬರೋವರೆಗೂ ನಿಮ್ಮ ಥ್ರೆಡ್ ಮಲಗುತ್ತೆ. ಆ ಥ್ರೆಡ್ಡೇ ನಿಮ್ಮ ಇವೆಂಟ್ ಲೂಪ್ (ಎಲ್ಲ ಕನೆಕ್ಷನ್ನೂ ಸರದಿಯಲ್ಲಿ ನೋಡ್ಕೊಳ್ಳೋ ಲೂಪ್) ಆಗಿದ್ರೆ, ಅಷ್ಟೂ ಹೊತ್ತು ಹತ್ತು ಸಾವಿರ ಕನೆಕ್ಷನ್ನೂ ನಿಂತಿರುತ್ತೆ.

ನಾನು ಇವತ್ತು ಹೇಳೋಕೆ ಬಂದಿರೋ ಮುಖ್ಯ ವಿಷಯ ಇಲ್ಲಿಂದಾನೇ ಶುರು ಆಗುತ್ತೆ. ಸೆಲೆಕ್ಟ್, ಪೋಲ್, ಇಪೋಲ್ ಎಲ್ಲ ಕೊಡೋದು ರೆಡಿ ಅನ್ನೋ ಸುದ್ದಿ. ಈಗ ಓದಿದ್ರೆ ಮಲಗಬೇಕಾಗಲ್ಲ ಅಂತ. ಓದೋ ಕೆಲಸ ಇನ್ನೂ ನಿಮ್ದೇ. ನಿಜವಾದ ಅಸಿಂಕ್ರೊನಸ್ ಐಓ ಅಂದ್ರೆ ಕೆಲಸಾನೇ ಒಪ್ಪಿಸೋದು, ಮುಗಿದ ಮೇಲೆ "ಮುಗೀತು" ಅನ್ನೋ ಸುದ್ದಿ ಬರೋದು. ನೀರು ಬಂದಿದೆ ಬಂದು ಹಿಡ್ಕೋ ಅನ್ನೋದಕ್ಕೂ, ನೀನು ಬಿಟ್ಟು ಹೋಗಿದ್ದ ಬಿಂದಿಗೆ ತುಂಬಿದೆ ತಗೊಂಡ್ಹೋಗು ಅನ್ನೋದಕ್ಕೂ ಎಷ್ಟು ವ್ಯತ್ಯಾಸ ಇದ್ಯೋ ಅಷ್ಟೇ ಇಲ್ಲೂ ಇರೋದು. ಎರಡನೇದರಲ್ಲಿ ಬಿಂದಿಗೆನ ಅಲ್ಲೇ ಬಿಟ್ಟು ಬಂದಿರ್ತೀರ ಅನ್ನೋದನ್ನ ಗಮನಿಸಿ, ಬಫರ್ ವಿಷಯಕ್ಕೆ ಬಂದಾಗ ಅದು ಬೇಕಾಗುತ್ತೆ.

ಮುಗಿದ ಸುದ್ದಿ ಕೊಡೋ ಈ ಪದ್ಧತಿ ಹೊಸದೇನಲ್ಲ. 1970ರ ದಶಕದ ವಿಎಂಎಸ್ ಅನ್ನೋ ಆಪರೇಟಿಂಗ್ ಸಿಸ್ಟಮ್‌ನಲ್ಲೇ ಕ್ಯೂಐಓ ಅಂತ ಕಾಲ್ ಇತ್ತು, ಕೆಲಸ ಕ್ಯೂಗೆ ಹಾಕಿ ಮುಂದೆ ಹೋಗ್ತಾ ಇರೋದು. ಅದನ್ನ ಕಟ್ಟಿದವರಲ್ಲಿ ಮುಖ್ಯರಾದ ಡೇವ್ ಕಟ್ಲರ್ ಆಮೇಲೆ ವಿಂಡೋಸ್ ಎನ್‌ಟಿ ಕಟ್ಟಿದ್ರು, ಅಲ್ಲೂ ಇದೇ ಯೋಚನೆ. 1994ರ ಎನ್‌ಟಿ 3.5ರಲ್ಲಿ ಐಓ ಕಂಪ್ಲೀಶನ್ ಪೋರ್ಟ್ ಬಂತು. ರೀಡ್‌ಫೈಲ್ ಕರೆಯುವಾಗ ಓವರ್‌ಲ್ಯಾಪ್ಡ್ ಅನ್ನೋ ಸ್ಟ್ರಕ್ಚರ್ ಕೊಡ್ತೀರ, ಅದು ಐಓ ಪೆಂಡಿಂಗ್ ಅಂತ ಹೇಳಿ ವಾಪಸ್ ಕಳಿಸುತ್ತೆ, ಮುಗಿದಾಗ ಪೋರ್ಟ್‌ನಲ್ಲಿ ಸುದ್ದಿ ಸಿಗುತ್ತೆ. ಫೈಲ್‌ಗೂ ಸಾಕೆಟ್‌ಗೂ ಒಂದೇ ದಾರಿ. ಲಿನಕ್ಸ್ ಬಳಸೋರು ಇದನ್ನ ಒಪ್ಕೊಳ್ಳೋಕೆ ಹಿಂಜರಿಬಾರ್ದು, ಈ ಒಂದು ವಿಷಯದಲ್ಲಿ ವಿಂಡೋಸ್ ಕಾಲು ಶತಮಾನ ಮುಂದಿತ್ತು.

ಲಿನಕ್ಸ್ ಕಡೆ ಏನಿತ್ತು ಆ ಹೊತ್ತಿಗೆ? ಪೋಸಿಕ್ಸ್ ಎಐಓ (ಯುನಿಕ್ಸ್ ಮಾದರಿ ಸಿಸ್ಟಮ್‌ಗಳ ಸ್ಟ್ಯಾಂಡರ್ಡ್‌ನ ಅಸಿಂಕ್ರೊನಸ್ ಐಓ) ಅಂತ ಒಂದಿದೆ, ಆದ್ರೆ ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿ ಅದನ್ನ ಯೂಸರ್ ಸ್ಪೇಸ್‌ನಲ್ಲಿ ಥ್ರೆಡ್ ಇಟ್ಕೊಂಡು ಮಾಡುತ್ತೆ, ಕರ್ನಲ್‌ಗೆ ಅದರ ಸುಳಿವೇ ಇರಲ್ಲ. ಕರ್ನಲ್‌ದೇ ಎಐಓ ಬೇರೆ ಇದೆ, ಐಓ ಸೆಟಪ್, ಐಓ ಸಬ್ಮಿಟ್, ಐಓ ಗೆಟ್ ಇವೆಂಟ್ಸ್ ಅಂತ, 2.6ರ ಕಾಲದಿಂದ. ಅದು ನೆಟ್ಟಗೆ ಅಸಿಂಕ್ರೊನಸ್ ಆಗಿ ನಡೀಬೇಕು ಅಂದ್ರೆ ಫೈಲ್‌ನ ಓ-ಡೈರೆಕ್ಟ್ ಹಾಕಿ ಓಪನ್ ಮಾಡಿರ್ಬೇಕು, ಅಂದ್ರೆ ಪೇಜ್ ಕ್ಯಾಷ್ ಬಿಟ್ಟು ನೇರ ಡಿಸ್ಕ್‌ಗೆ, ಬಫರ್ ಅಡ್ರೆಸ್ಸು, ಸೈಜು, ಆಫ್‌ಸೆಟ್ಟು ಎಲ್ಲ ಬ್ಲಾಕ್ ಸೈಜ್‌ಗೆ ಸರಿಯಾಗಿ ಕೂರ್ಬೇಕು. ಓ-ಡೈರೆಕ್ಟ್ ಇಲ್ದಿದ್ರೆ ಸಬ್ಮಿಟ್ ಕಾಲೇ ಸುಮ್ನೆ ಬ್ಲಾಕ್ ಆಗಿ ಕೂತ್ಬಿಡುತ್ತೆ, ಎರರ್ ಕೂಡ ಕೊಡಲ್ಲ. ತಮ್ಮದೇ ಕ್ಯಾಷ್ ಇಟ್ಕೊಂಡಿರೋ ಡೇಟಾಬೇಸ್‌ಗಳಿಗೆ ಇದು ಒಗ್ಗಿತು, ಮಿಕ್ಕವರಿಗೆ ಇಲ್ಲ. ಅದಕ್ಕೇ ಎಲ್ರೂ ಥ್ರೆಡ್ ಪೂಲ್ (ಬ್ಲಾಕ್ ಆಗೋ ಕೆಲಸಕ್ಕೆ ಅಂತಾನೇ ಇಟ್ಟಿರೋ ಥ್ರೆಡ್‌ಗಳ ಗುಂಪು) ಹಿಡಿದ್ರು. ನೋಡ್ ಜೆಎಸ್‌ನ ಕೆಳಗಿರೋ ಲಿಬ್‌ಯೂವಿ ಲೈಬ್ರರಿ ಇವತ್ತಿಗೂ ಫೈಲ್ ಕೆಲಸನ ಸಾಮಾನ್ಯವಾಗಿ ಥ್ರೆಡ್ ಪೂಲ್‌ಗೆ ಕಳಿಸುತ್ತೆ, ಅದರಲ್ಲಿ ಹೇಳ್ದೇ ಇದ್ರೆ ಇರೋದು 4 ಥ್ರೆಡ್. ನಿಮ್ಮ ಸರ್ವರ್‌ನಲ್ಲಿ ಫೈಲ್ ಓದೋ ರಿಕ್ವೆಸ್ಟ್‌ಗಳು ಮಾತ್ರ ಸಾಲುಗಟ್ಟಿ ನಿಂತಿದ್ರೆ ಮೊದಲು ಆ ನಂಬರ್ ನೋಡಿ.

2019ರ ಮೇ ತಿಂಗಳಲ್ಲಿ ಬಂದ ಲಿನಕ್ಸ್ 5.1ರಲ್ಲಿ ಯೆನ್ಸ್ ಆಕ್ಸ್‌ಬೋ ಅವರ ಐಓ ಯೂರಿಂಗ್ ಸೇರ್ತು, ಕರ್ನಲ್ ಜೊತೆ ಹಂಚ್ಕೊಂಡ ಮೆಮೊರಿ ಮೂಲಕ ಕೆಲಸ ಒಪ್ಪಿಸಿ ಮುಗಿದ ಸುದ್ದಿ ಪಡೆಯೋ ವ್ಯವಸ್ಥೆ (ಮುಂದೆ ಬರೀ ಯೂರಿಂಗ್ ಅಂತೀನಿ). ಬ್ಲಾಕ್ ಲೇಯರ್ (ಕರ್ನಲ್‌ನಲ್ಲಿ ಡಿಸ್ಕ್ ಕೆಲಸ ನಡೆಸೋ ಭಾಗ) ನೋಡ್ಕೊಳ್ಳೋ ಮನುಷ್ಯನೇ ಬರೆದದ್ದು ಅನ್ನೋದು ಅದರ ವಿನ್ಯಾಸದಲ್ಲೇ ಕಾಣುತ್ತೆ. ಹೊತ್ತೂ ಸರಿಯಾಗಿತ್ತು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಅನ್ನೋ ಸಿಪಿಯು ಭದ್ರತಾ ದೋಷ ಹೊರಗೆ ಬಂದ್ಮೇಲೆ, ಅದರಿಂದ ಬಾಧಿತವಾದ ಸಿಪಿಯುಗಳಲ್ಲಿ ಕರ್ನಲ್‌ಗೂ ಯೂಸರ್‌ಗೂ ಪೇಜ್ ಟೇಬಲ್ ಬೇರೆ ಮಾಡಿದ್ರು, ಒಂದೊಂದು ಸಿಸ್ಟಮ್ ಕಾಲೂ ಮುಂಚಿಗಿಂತ ದುಬಾರಿ ಆಯ್ತು. ಕಾಲ್‌ಗಳ ಸಂಖ್ಯೆನೇ ಇಳಿಸೋ ದಾರಿ ಬೇಕಿತ್ತು.

ಈಗ ಸೆಟಪ್‌ನ ಕೈಯಾರೆ ಮಾಡೋಣ. ದಿನನಿತ್ಯಕ್ಕೆ ಲಿಬ್‌ಯೂರಿಂಗ್ ಲೈಬ್ರರಿ ಸಾಕು, ಅದನ್ನೇ ಬಳಸಿ, ಆದ್ರೆ ಒಂದು ಸಲನಾದ್ರೂ ಲೈಬ್ರರಿ ಇಲ್ದೆ ಬರೆದು ನೋಡಿ ಅಂತ ಎಲ್ರಿಗೂ ಹೇಳ್ತೀನಿ. ಇರೋದು ಮೂರೇ ಸಿಸ್ಟಮ್ ಕಾಲ್: ಸೆಟಪ್, ಎಂಟರ್, ರಿಜಿಸ್ಟರ್. ಮೊದಲು ಸೆಟಪ್‌ಗೆ ಕೊಡೋ ಪ್ಯಾರಾಮ್ಸ್ ಸ್ಟ್ರಕ್ಚರ್‌ನ ಪೂರ್ತಿ ಸೊನ್ನೆ ಮಾಡಿ, ಇದು ಮರೀಬೇಡಿ, ಒಳಗೆ ಮುಂದಿನ ಬಳಕೆಗೆ ಕಾದಿಟ್ಟಿರೋ ಜಾಗಗಳಲ್ಲಿ ಕಸ ಇದ್ರೆ ಕರ್ನಲ್ ತಗೊಳ್ಳೋದಿಲ್ಲ. ಆಮೇಲೆ ಎಷ್ಟು ಎಂಟ್ರಿ ಬೇಕು ಅಂತ ಹೇಳಿ ಸೆಟಪ್ ಕರೀರಿ. 100 ಕೇಳಿದ್ರೆ 128 ಕೊಡುತ್ತೆ, ಎರಡರ ಘಾತಕ್ಕೆ ಏರಿಸ್ಕೊಳ್ಳುತ್ತೆ. ವಾಪಸ್ ಬರೋದು ಒಂದು ಎಫ್‌ಡಿ, ಜೊತೆಗೆ ಪ್ಯಾರಾಮ್ಸ್ ಒಳಗೆ ಯಾವ ಆಫ್‌ಸೆಟ್‌ನಲ್ಲಿ ಏನಿದೆ ಅನ್ನೋ ವಿವರ ತುಂಬಿರುತ್ತೆ.

ಮುಂದೆ ಎಂಮ್ಯಾಪ್. ಆ ಎಫ್‌ಡಿನ ನಿಮ್ಮ ಅಡ್ರೆಸ್ ಸ್ಪೇಸ್‌ಗೆ ಮ್ಯಾಪ್ ಮಾಡ್ಕೊಳ್ತೀರ. 5.1ರಲ್ಲಿ ಮೂರು ಸಲ ಮಾಡ್ಬೇಕಿತ್ತು: ಸಬ್ಮಿಶನ್ ರಿಂಗ್, ಕಂಪ್ಲೀಶನ್ ರಿಂಗ್, ಆಮೇಲೆ ಸಬ್ಮಿಶನ್ ಎಂಟ್ರಿಗಳ ಅರ್ರೇ. 5.4ರಿಂದ ಎರಡು ರಿಂಗ್ ಒಂದೇ ಮ್ಯಾಪ್‌ನಲ್ಲಿ ಬರ್ತವೆ, ಫೀಚರ್ ಬಿಟ್ ನೋಡಿ ತಿಳ್ಕೋಬೇಕು. ಇಷ್ಟಾದ ಮೇಲೆ ನಿಮಗೂ ಕರ್ನಲ್‌ಗೂ ಒಂದೇ ಮೆಮೊರಿ ಕಾಣ್ತಾ ಇದೆ. ನೀವು ಅಲ್ಲಿ ಬರೆದ್ರೆ ಕರ್ನಲ್ ನೋಡುತ್ತೆ, ಕರ್ನಲ್ ಬರೆದ್ರೆ ನೀವು ನೋಡ್ತೀರ, ನಡುವೆ ರಿಕ್ವೆಸ್ಟ್‌ನ ಕಾಪಿ ಮಾಡೋ ಪ್ರಶ್ನೆನೇ ಇಲ್ಲ.

ಒಂದು ರೀಡ್ ಕಳಿಸೋಣ. ಸಬ್ಮಿಶನ್ ರಿಂಗ್‌ಗೆ ಹೆಡ್ಡು ಟೇಲು ಅಂತ ಎರಡು ಕೌಂಟರ್ ಇದೆ. ಟೇಲ್ ನಿಮ್ದು, ಹೆಡ್ ಕರ್ನಲ್‌ದು. ಟೇಲ್ ಓದಿ ಮಾಸ್ಕ್ (ರಿಂಗ್ ಸೈಜ್‌ಗಿಂತ ಒಂದು ಕಮ್ಮಿ) ಜೊತೆ ಆಂಡ್ ಮಾಡಿದ್ರೆ ಯಾವ ಸ್ಲಾಟ್ ಅಂತ ಸಿಗುತ್ತೆ. ಈ ಕೌಂಟರ್‌ಗಳನ್ನ ಯಾರೂ ಸುತ್ತು ಬಂದಾಗ ಸೊನ್ನೆ ಮಾಡಲ್ಲ, 32 ಬಿಟ್‌ನಲ್ಲಿ ಏರ್ತಾ ಏರ್ತಾ ತಾನೇ ಸುತ್ತುತ್ತೆ, ರಿಂಗ್ ಸೈಜ್ ಎರಡರ ಘಾತ ಆಗಿರೋದ್ರಿಂದ ಲೆಕ್ಕ ತಪ್ಪಲ್ಲ, ಎಂಟ್ರಿಗಳನ್ನ ಏರಿಸಿ ಕೊಡೋದು ಅದಕ್ಕೇ. ಆ ಸ್ಲಾಟ್‌ನಲ್ಲಿರೋ ಎಂಟ್ರಿ 64 ಬೈಟ್‌ದು. ಅದರಲ್ಲಿ ತುಂಬಿ: ಆಪ್‌ಕೋಡ್ ರೀಡ್ ಅಂತ, ಎಫ್‌ಡಿ, ಬಫರ್ ಅಡ್ರೆಸ್, ಉದ್ದ, ಫೈಲ್ ಆಫ್‌ಸೆಟ್, ಕೊನೆಗೆ ಯೂಸರ್ ಡೇಟಾ ಅನ್ನೋ 64 ಬಿಟ್ ನಂಬರ್. ಈ ಯೂಸರ್ ಡೇಟಾನ ಕರ್ನಲ್ ಮುಟ್ಟಲ್ಲ, ಹೇಗೆ ಕೊಟ್ರೋ ಹಾಗೇ ಫಲಿತಾಂಶದ ಜೊತೆ ವಾಪಸ್ ಕೊಡುತ್ತೆ. ಯಾವ ರಿಕ್ವೆಸ್ಟ್‌ಗೆ ಯಾವ ಉತ್ತರ ಅಂತ ಗುರುತು ಹಿಡಿಯೋಕೆ ನಿಮಗಿರೋ ದಾರಿ ಇದೊಂದೇ, ಯಾಕಂದ್ರೆ ಕಳಿಸಿದ ಆರ್ಡರ್‌ನಲ್ಲೇ ಉತ್ತರ ಬರಬೇಕು ಅಂತೇನಿಲ್ಲ.

ಎಂಟ್ರಿ ತುಂಬಿ ಆದ್ಮೇಲೆ ಇಂಡೆಕ್ಸ್ ಅರ್ರೇನಲ್ಲಿ ಸ್ಲಾಟ್ ನಂಬರ್ ಬರೆದು ಟೇಲ್‌ನ ಒಂದು ಮುಂದಕ್ಕೆ ಹಾಕ್ಬೇಕು. ಇಲ್ಲಿ ಸುಮ್ನೆ ಟೇಲ್ ಪ್ಲಸ್ ಪ್ಲಸ್ ಅಂತ ಬರೀಬೇಡಿ ದಯವಿಟ್ಟು. ಕಂಪೈಲರ್‌ಗೂ ಸಿಪಿಯುಗೂ ಬರಹಗಳ ಕ್ರಮ ಬದಲಾಯಿಸೋ ಹಕ್ಕಿದೆ, ಟೇಲ್ ಮೊದಲು ಕಂಡು ಎಂಟ್ರಿ ಆಮೇಲೆ ಕಂಡ್ರೆ ಕರ್ನಲ್ ಅರ್ಧ ತುಂಬಿದ ಎಂಟ್ರಿ ಓದಿಬಿಡಬಹುದು. ಅದಕ್ಕೆ ಸ್ಟೋರ್-ರಿಲೀಸ್ ಬಳಸ್ಬೇಕು, "ಇದಕ್ಕಿಂತ ಮುಂಚೆ ಬರೆದಿದ್ದೆಲ್ಲ ಕಂಡ ಮೇಲೇ ಇದು ಕಾಣ್ಲಿ" ಅಂತ. ಎಕ್ಸ್86 ಮೇಲೆ ಇದನ್ನ ಬಿಟ್ರೂ ಎಷ್ಟೋ ದಿನ ನಡ್ಕೊಂಡು ಹೋಗುತ್ತೆ, ಅದೇ ಕೋಡ್ ಆರ್ಮ್ ಮಷೀನ್‌ಗೆ ಹೋದಾಗ ಅಪರೂಪಕ್ಕೊಮ್ಮೆ ಕೈಕೊಡುತ್ತೆ, ಅಂಥಾ ಬಗ್ ಹುಡುಕೋದು ಬಹಳ ಕಷ್ಟ.

ಆಮೇಲೆ ಎಂಟರ್ ಕಾಲ್: ಒಂದು ಸಬ್ಮಿಟ್ ಮಾಡ್ತಿದೀನಿ, ಕಮ್ಮಿ ಅಂದ್ರೆ ಒಂದು ಮುಗಿಯೋವರೆಗೆ ಕಾಯ್ತೀನಿ ಅಂತ. ಒಂದರ ಬದಲು ಐವತ್ತು ತುಂಬಿಟ್ಟು ಒಂದೇ ಎಂಟರ್‌ನಲ್ಲಿ ಕಳಿಸ್ಬಹುದು, ಲಾಭ ಇರೋದೇ ಅಲ್ಲಿ. ಕಂಪ್ಲೀಶನ್ ರಿಂಗ್‌ನಲ್ಲಿ ಪಾತ್ರ ಅದಲುಬದಲು, ಟೇಲ್ ಕರ್ನಲ್‌ದು, ಹೆಡ್ ನಿಮ್ದು. ಟೇಲ್‌ನ ಲೋಡ್-ಅಕ್ವೈರ್‌ನಿಂದ ಓದಿ, ಹೆಡ್‌ಗಿಂತ ಮುಂದಿದ್ರೆ ಉತ್ತರ ಬಂದಿದೆ. ಒಂದೊಂದೂ 16 ಬೈಟ್: ನಿಮ್ಮ ಯೂಸರ್ ಡೇಟಾ, ಫಲಿತಾಂಶ, ಫ್ಲ್ಯಾಗ್. ಫಲಿತಾಂಶ ಅನ್ನೋದು ರೀಡ್ ಏನು ಕೊಡ್ತಿತ್ತೋ ಅದೇ, ಆದ್ರೆ ಎರರ್ ಆದ್ರೆ ಎರ್‌ನೋ (ಮಾಮೂಲಿ ಕಾಲ್‌ಗಳಲ್ಲಿ ಎರರ್ ನಂಬರ್ ಸಿಗೋ ವೇರಿಯಬಲ್) ನೋಡ್ಬೇಡಿ, ಅಲ್ಲಿ ಏನೂ ಇರಲ್ಲ, ಫಲಿತಾಂಶದಲ್ಲೇ ಮೈನಸ್ ನಂಬರ್ ಆಗಿ ಬರುತ್ತೆ. ಓದಿ ಆದ್ಮೇಲೆ ಹೆಡ್ ಮುಂದಕ್ಕೆ ಹಾಕಿ, ಇಲ್ದಿದ್ರೆ ರಿಂಗ್ ತುಂಬ್ತಾ ಹೋಗುತ್ತೆ. ಕಂಪ್ಲೀಶನ್ ರಿಂಗ್‌ನ ಸೈಜ್ ಸಬ್ಮಿಶನ್‌ನ ಎರಡರಷ್ಟು ಇಟ್ಟಿರ್ತಾರೆ, 5.5ರಿಂದ ತುಂಬಿದ್ರೂ ಉತ್ತರ ಕಳೆದುಹೋಗದ ಹಾಗೆ ಕರ್ನಲ್ ಒಳಗೆ ಇಟ್ಕೊಳ್ಳುತ್ತೆ, ಆದ್ರೂ ಅದನ್ನ ನೆಚ್ಕೊಂಡು ಕೂರಬೇಡಿ.

ಕರ್ನಲ್ ಒಳಗೆ ಏನಾಗುತ್ತೆ ಅಂತ ಕೇಳ್ತೀರ. ಮೊದಲು ಬ್ಲಾಕ್ ಆಗ್ದೆ ಮಾಡೋಕೆ ಆಗುತ್ತಾ ಅಂತ ಪ್ರಯತ್ನ ಪಡುತ್ತೆ. ಡೇಟಾ ಪೇಜ್ ಕ್ಯಾಷ್‌ನಲ್ಲೇ ಇದ್ರೆ ಎಂಟರ್ ಕಾಲ್ ಒಳಗೇ ಕೆಲಸ ಮುಗಿದುಹೋಗುತ್ತೆ. ಸಾಕೆಟ್ ಆಗಿದ್ದು ಡೇಟಾ ಇಲ್ದಿದ್ರೆ ಒಳಗೊಳಗೇ ಪೋಲ್ ಹಾಕಿ ಬಂದಾಗ ಓದುತ್ತೆ, ಇದು 5.7ರಿಂದ. ಇವೆರಡೂ ಆಗದ ಕೆಲಸಗಳಲ್ಲಿ ಕೆಲವು ವರ್ಕರ್ ಥ್ರೆಡ್‌ಗೆ ಹೋಗ್ತವೆ. ಈಚಿನ ಕರ್ನಲ್‌ಗಳಲ್ಲಿ ನಿಮ್ಮ ಪ್ರೋಸೆಸ್‌ನ ಥ್ರೆಡ್ ಪಟ್ಟಿ ತೆಗೆದ್ರೆ ಐಓಯು-ವರ್ಕ್ ಅಂತ ಶುರುವಾಗೋ ಹೆಸರುಗಳು ಕಾಣ್ತವೆ. ಅವು ರಾಶಿ ರಾಶಿ ಕಂಡ್ರೆ, ಅಸಿಂಕ್ರೊನಸ್ ಅಂದ್ಕೊಂಡಿರೋ ನಿಮ್ಮ ಕೆಲಸ ಅಸಲಿಗೆ ಥ್ರೆಡ್ ಪೂಲ್‌ನಲ್ಲಿ ನಡೀತಿದೆ ಅಂತ ಅರ್ಥ.

ಈಗ ಬಫರ್. ಮಾಮೂಲಿ ರೀಡ್‌ನಲ್ಲಿ ಕಾಲ್ ವಾಪಸ್ ಬಂತು ಅಂದ್ರೆ ಬಫರ್ ಪೂರ್ತಿ ನಿಮ್ದು. ಇಪೋಲ್‌ನಲ್ಲೂ ಹಾಗೇ, ಕಾಯೋ ಹೊತ್ತಲ್ಲಿ ಕರ್ನಲ್‌ಗೆ ನಿಮ್ಮ ಬಫರ್ ಯಾವ್ದು ಅಂತಾನೇ ಗೊತ್ತಿರಲ್ಲ. ಯೂರಿಂಗ್‌ನಲ್ಲಿ ಸಬ್ಮಿಟ್ ಮಾಡಿದ ಗಳಿಗೆಯಿಂದ ಉತ್ತರ ಕೈಗೆ ಬರೋವರೆಗೂ ಆ ಬಫರ್ ಕರ್ನಲ್‌ದು. ಒಂದು ಫಂಕ್ಷನ್ ಒಳಗೆ ಲೋಕಲ್ ಅರ್ರೇ ಇಟ್ಕೊಂಡು, ಅದರ ಅಡ್ರೆಸ್ ಕೊಟ್ಟು ಸಬ್ಮಿಟ್ ಮಾಡಿ, ಫಂಕ್ಷನ್‌ನಿಂದ ರಿಟರ್ನ್ ಆದ್ರೆ ಏನಾಗುತ್ತೆ ಯೋಚನೆ ಮಾಡಿ. ಆ ಸ್ಟ್ಯಾಕ್ ಜಾಗದಲ್ಲಿ ಈಗ ಬೇರೆ ಫಂಕ್ಷನ್ ಕೂತಿದೆ, ಅದರ ವೇರಿಯಬಲ್‌ಗಳ ಮೇಲೆ, ರಿಟರ್ನ್ ಅಡ್ರೆಸ್ ಮೇಲೆ ಬೇಕಾದ್ರೂ ಡಿಸ್ಕ್‌ನಿಂದ ಬಂದ ಬೈಟ್‌ಗಳು ಬಂದು ಕೂರ್ತವೆ. ಬರೆದದ್ದು ಕರ್ನಲ್ ಆದ್ದರಿಂದ ನಿಮ್ಮ ಮಾಮೂಲಿ ಮೆಮೊರಿ ಚೆಕ್ ಮಾಡೋ ಟೂಲ್‌ಗಳು ಇದನ್ನ ಹಿಡಿಯೋದೂ ಅನುಮಾನ.

ರಸ್ಟ್ ಭಾಷೆಯಲ್ಲಿ ಬರೆಯೋರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಿರುತ್ತೆ. ಅಲ್ಲಿ ಫ್ಯೂಚರ್‌ನ (ಇನ್ನೂ ಮುಗಿಯದ ಅಸಿಂಕ್ ಕೆಲಸನ) ಯಾವಾಗ ಬೇಕಾದ್ರೂ ಡ್ರಾಪ್ ಮಾಡ್ಬಹುದು, ಅಂದ್ರೆ ಅರ್ಧಕ್ಕೇ ಬಿಟ್ಬಿಡಬಹುದು, ರೆಡಿ ಪದ್ಧತಿಯಲ್ಲಿ ಡ್ರಾಪ್ ಮಾಡಿದ್ರೆ ಕತೆ ಮುಗೀತು, ಆದ್ರೆ ಮುಗಿದ ಸುದ್ದಿ ಪದ್ಧತಿಯಲ್ಲಿ ಫ್ಯೂಚರ್ ಹೋದ್ರೂ ಕರ್ನಲ್ ಕೈಲಿ ಬಫರ್ ಇದ್ದೇ ಇರುತ್ತೆ. ಅದಕ್ಕೇ ಅಲ್ಲಿನ ಯೂರಿಂಗ್ ಲೈಬ್ರರಿಗಳು ಬಫರ್‌ನ ರೆಫರೆನ್ಸ್ ಆಗಿ ತಗೊಳ್ದೆ ಪೂರ್ತಿ ಒಡೆತನಾನೇ ತಗೊಂಡು, ಮುಗಿದ ಮೇಲೆ ವಾಪಸ್ ಕೊಡೋ ತರ ಬರ್ದಿರೋದು. ರೆಡಿ ಪದ್ಧತಿಗೆ ಅಂತ ಬರೆದ ಕೋಡ್‌ನ ಹಾಗೇ ಯೂರಿಂಗ್‌ಗೆ ತಿರುಗಿಸೋಕೆ ಆಗಲ್ಲ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣಲ್ಲ. ಕಾಲ್‌ಗಳ ಹೆಸರು ಬದಲಾಯಿಸೋ ಕೆಲಸ ಅಲ್ಲ ಇದು, ಮೆಮೊರಿ ಯಾವಾಗ ಯಾರ ಕೈಲಿರುತ್ತೆ ಅನ್ನೋ ಲೆಕ್ಕಾನೇ ಹೊಸದಾಗಿ ಹಾಕ್ಬೇಕು.

ಇನ್ನೊಂದು, ಕ್ಯಾನ್ಸಲ್. ಎಫ್‌ಡಿ ಕ್ಲೋಸ್ ಮಾಡಿದ್ರೆ ಅದರ ಮೇಲಿರೋ ರಿಕ್ವೆಸ್ಟ್ ಸತ್ತುಹೋಗುತ್ತೆ ಅಂದ್ಕೋಬೇಡಿ, ರಿಕ್ವೆಸ್ಟ್ ಆ ಫೈಲ್‌ನ ತಾನೂ ಹಿಡ್ಕೊಂಡಿರುತ್ತೆ. ಅಸಿಂಕ್ ಕ್ಯಾನ್ಸಲ್ ಅಂತ ಬೇರೆ ಆಪ್‌ಕೋಡ್ ಇದೆ, ಯಾವ ಯೂಸರ್ ಡೇಟಾದ್ದು ಅಂತ ಹೇಳಿ ಕಳಿಸ್ಬೇಕು. ಉತ್ತರ ಸೊನ್ನೆ ಬಂದ್ರೆ ಕ್ಯಾನ್ಸಲ್ ಆಯ್ತು, ಈ-ನೋಎಂಟ್ ಬಂದ್ರೆ ಅಂಥದ್ದು ಸಿಗ್ಲಿಲ್ಲ, ಈ-ಆಲ್‌ರೆಡಿ ಬಂದ್ರೆ ಆಗ್ಲೇ ನಡೀತಿದೆ, ನಿಲ್ಸೋದು ಗ್ಯಾರಂಟಿ ಇಲ್ಲ. ಡಿಸ್ಕ್‌ಗೆ ಹೋಗಿಬಿಟ್ಟಿರೋ ರೀಡ್‌ನ ಸಾಮಾನ್ಯವಾಗಿ ಹಿಂದಕ್ಕೆ ಕರೆಸೋಕೆ ಆಗಲ್ಲ. ಕ್ಯಾನ್ಸಲ್‌ಗೆ ಒಂದು ಉತ್ತರ, ಮೂಲ ರಿಕ್ವೆಸ್ಟ್‌ಗೆ ಅದರದ್ದೇ ಒಂದು ಉತ್ತರ, ಎರಡೂ ಬರ್ತವೆ. ಬಫರ್ ಫ್ರೀ ಮಾಡೋದು ಮೂಲದ ಉತ್ತರ ಬಂದ ಮೇಲೇನೇ, ಕ್ಯಾನ್ಸಲ್‌ದು ಬಂತು ಅಂತ ಅಲ್ಲ.

ಬರೆಯೋ ಕೆಲಸದಲ್ಲಿ ಒಂದು ಎಚ್ಚರಿಕೆ. ರೈಟ್ ಮುಗೀತು ಅಂತ ಉತ್ತರ ಬಂದ್ರೆ, ಮಾಮೂಲಿ ಫೈಲ್‌ಗೆ ಅದರ ಅರ್ಥ ಡೇಟಾ ಪೇಜ್ ಕ್ಯಾಷ್ ಸೇರ್ತು ಅಂತ ಅಷ್ಟೇ. ಡಿಸ್ಕ್ ಸೇರ್ಬೇಕು ಅಂದ್ರೆ ಎಫ್‌ಸಿಂಕ್ ಬೇಕು. ರೈಟು, ಎಫ್‌ಸಿಂಕು ಎರಡನ್ನೂ ಒಟ್ಟಿಗೆ ಹಾಕಿದ್ರೆ ಯಾವುದು ಮೊದಲು ಅಂತ ಖಾತ್ರಿ ಇಲ್ಲ, ಹಾಗಾಗಿ ಮೊದಲನೇದಕ್ಕೆ ಲಿಂಕ್ ಫ್ಲ್ಯಾಗ್ ಹಾಕ್ಬೇಕು, ಆಗ ಅದು ಮುಗಿದ ಮೇಲೇನೇ ಎರಡನೇದು ಶುರು. ರೈಟ್ ಅರ್ಧಂಬರ್ಧ ಆದ್ರೆ, ಅಂದ್ರೆ ಕೇಳಿದ್ದಕ್ಕಿಂತ ಕಮ್ಮಿ ಬೈಟ್ ಹೋದ್ರೂ ಸರಪಳಿ ಕಡಿದು ಎಫ್‌ಸಿಂಕ್‌ಗೆ ಈ-ಕ್ಯಾನ್ಸಲ್ಡ್ ಬರುತ್ತೆ, ಇದು ಒಳ್ಳೇದೇ.

ಎಸ್‌ಕ್ಯೂ ಪೋಲ್ (ಸಬ್ಮಿಶನ್ ಕ್ಯೂ ಪೋಲ್) ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಸೆಟಪ್‌ನಲ್ಲಿ ಆ ಫ್ಲ್ಯಾಗ್ ಕೊಟ್ರೆ ಕರ್ನಲ್ ಥ್ರೆಡ್ ಒಂದು ನಿಮ್ಮ ರಿಂಗ್‌ನ ನೋಡ್ತಾನೇ ಇರುತ್ತೆ, ಟೇಲ್ ಮುಂದೆ ಹೋದ ತಕ್ಷಣ ತಗೊಳ್ಳುತ್ತೆ, ಸಬ್ಮಿಟ್‌ಗೆ ಸಿಸ್ಟಮ್ ಕಾಲೇ ಬೇಡ. ಸ್ವಲ್ಪ ಹೊತ್ತು ಕೆಲಸ ಇಲ್ದಿದ್ರೆ ಮಲಗುತ್ತೆ, ಆಗ ಎಬ್ಬಿಸ್ಬೇಕು ಅನ್ನೋ ಫ್ಲ್ಯಾಗ್ ಹಾಕಿಡುತ್ತೆ, ನೀವು ಅದನ್ನ ನೋಡಿ ಎಂಟರ್ ಕರೀಬೇಕು. ಕೇಳೋಕೆ ಬಹಳ ಚಂದ, ಆದ್ರೆ ಒಂದು ಸಿಪಿಯು ಕೋರ್ ಅದಕ್ಕೇ ಹೋಗುತ್ತೆ. ಕೋರ್‌ಗಳು ಕಮ್ಮಿ ಇರೋ ಮಷೀನ್‌ನಲ್ಲಿ ಇದನ್ನ ಹಾಕಿ ನಿಧಾನ ಆಯ್ತು ಅಂದ್ರೆ ಆಶ್ಚರ್ಯ ಇಲ್ಲ.

ಪ್ರಶ್ನೆಗಳಿಗೆ ಬರ್ತೀನಿ.

ಒಬ್ರು ಕೇಳಿದ್ರು, ನಮ್ಮ ಸರ್ವೀಸ್‌ನಲ್ಲಿ ಒಂದೇ ಹೊತ್ತಿಗೆ ಇನ್ನೂರು ಮುನ್ನೂರು ಕನೆಕ್ಷನ್ ಅಷ್ಟೇ, ಇದೆಲ್ಲ ಬೇಕಾ ಅಂತ. ಬೇಡ. ಥ್ರೆಡ್ ಇಟ್ಕೊಂಡು ಮಾಮೂಲಿ ರೀಡ್ ರೈಟ್ ಮಾಡಿ. ಮೇಲಿಂದ ಕೆಳಗೆ ಓದಿದ್ರೆ ಅರ್ಥ ಆಗೋ ಕೋಡ್‌ನ ಬಿಟ್ಕೊಡೋದು ದೊಡ್ಡ ಬೆಲೆ, ಅಳೆದು ನೋಡಿ ಕಾರಣ ಸಿಕ್ಕಿದ್ರೆ ಮಾತ್ರ ಕೊಡಿ.

ಇನ್ನೊಬ್ರದ್ದು, ಸ್ವಂತ ಮಷೀನ್‌ನಲ್ಲಿ ನಡೆಯೋ ಪ್ರೋಗ್ರಾಮ್ ಕಂಟೇನರ್‌ನಲ್ಲಿ ಹಾಕಿದ್ರೆ ಸೆಟಪ್ ಕಾಲೇ ಈ-ಪರ್ಮ್ ಕೊಡುತ್ತೆ, ಯಾಕೆ? ಇದು ಮುಖ್ಯ ಪ್ರಶ್ನೆ. ಸೆಕ್‌ಕಾಂಪ್ ಫಿಲ್ಟರ್‌ಗಳು (ಪ್ರೋಗ್ರಾಮ್‌ಗೆ ಯಾವ ಸಿಸ್ಟಮ್ ಕಾಲ್ ಬಿಡ್ಬೇಕು, ಯಾವ್ದು ತಡೀಬೇಕು ಅಂತ ನೋಡೋ ಕಾವಲು) ನೋಡೋದು ಸಿಸ್ಟಮ್ ಕಾಲ್‌ನ, ಯೂರಿಂಗ್ ರಿಂಗ್ ಮೂಲಕ ಹೋಗೋ ಓಪನ್ನು, ಕನೆಕ್ಟು ಅದರ ಕಣ್ಣಿಗೆ ಬೀಳಲ್ಲ. ಜೊತೆಗೆ ಕರ್ನಲ್ ಒಳಗೆ ಇಷ್ಟು ದೊಡ್ಡ ಹೊಸ ಕೋಡ್ ಅಂದ್ರೆ ದುರ್ಬಳಕೆಗೂ ಜಾಗ. 2023ರಲ್ಲಿ ಗೂಗಲ್ ಹೇಳಿದ್ದು, ಅವರ ಕರ್ನಲ್ ಬಗ್ ಬಹುಮಾನ ಯೋಜನೆಗೆ ಬಂದ ಎಕ್ಸ್‌ಪ್ಲಾಯ್ಟ್‌ಗಳಲ್ಲಿ ಶೇಕಡ 60ರಷ್ಟು ಯೂರಿಂಗ್ ಬಳಸಿದ್ವು ಅಂತ, ಕ್ರೋಮ್‌ಓಎಸ್‌ನಲ್ಲಿ ಅದನ್ನ ಆಫ್ ಮಾಡಿದ್ರು, ಆಂಡ್ರಾಯ್ಡ್‌ನಲ್ಲಿ ಆಪ್‌ಗಳಿಗೆ ಸಿಗದ ಹಾಗೆ ಮಾಡಿದ್ರು. ಡಾಕರ್‌ನ ಡಿಫಾಲ್ಟ್ ಪ್ರೊಫೈಲ್‌ನಲ್ಲೂ ಈಗ ಅನುಮತಿ ಇಲ್ಲ. 6.6ರಿಂದ ಐಓ ಯೂರಿಂಗ್ ಡಿಸೇಬಲ್ಡ್ ಅಂತ ಸಿಸ್‌ಕಂಟ್ರೋಲ್ (ಕರ್ನಲ್ ಸೆಟ್ಟಿಂಗ್) ಇದೆ, 0 ಇದ್ರೆ ಎಲ್ರಿಗೂ ಸಿಗುತ್ತೆ, 1 ಇದ್ರೆ ಅನುಮತಿ ಇರೋರಿಗೆ ಮಾತ್ರ, 2 ಇದ್ರೆ ಯಾರಿಗೂ ಇಲ್ಲ. ಹಾಗಾಗಿ ನಿಮ್ಮ ಪ್ರೋಗ್ರಾಮ್ ಶುರುವಾಗುವಾಗ ಸೆಟಪ್ ಕರೆದು ನೋಡಿ, ಈ-ಪರ್ಮ್ ಅಥವಾ ಈ-ನೋಸಿಸ್ (ಅಂಥ ಸಿಸ್ಟಮ್ ಕಾಲೇ ಇಲ್ಲ) ಬಂದ್ರೆ ಇಪೋಲ್ ದಾರಿಗೆ ಹೋಗೋ ವ್ಯವಸ್ಥೆ ಮೊದಲ ದಿನದಿಂದಾನೇ ಇಟ್ಕೊಳ್ಳಿ. ಹಳೇ ಕರ್ನಲ್‌ಗಳಲ್ಲಿ, 5.12ಕ್ಕೆ ಮುಂಚಿನವು, ಈ-ನೋಮೆಮ್ ಬಂದ್ರೆ ರ‍್ಯಾಮ್ ಸಾಲ್ದು ಅಂತ ಅಲ್ಲ, ರಿಂಗ್ ಮೆಮೊರಿ ಮೆಮ್‌ಲಾಕ್ ಮಿತಿಗೆ (ರ‍್ಯಾಮ್‌ನಲ್ಲೇ ಕಟ್ಟಿಹಾಕಿಡೋ ಮೆಮೊರಿಗೆ ಇರೋ ಮಿತಿ) ಲೆಕ್ಕ ಆಗ್ತಿತ್ತು, ಯೂ-ಲಿಮಿಟ್ ಕಮಾಂಡ್‌ನಲ್ಲಿ ನೋಡಿ.

ಕೊನೇದು, ಟೈಮೌಟ್ ಹೇಗೆ ಹಾಕೋದು ಅಂತ. ರೀಡ್ ಎಂಟ್ರಿಗೆ ಲಿಂಕ್ ಫ್ಲ್ಯಾಗ್ ಹಾಕಿ ಅದರ ಹಿಂದೇನೇ ಲಿಂಕ್ ಟೈಮೌಟ್ ಎಂಟ್ರಿ ಇಡಿ, 5.5ರಿಂದ ಇದೆ. ರೀಡ್ ಮೊದಲು ಮುಗಿದ್ರೆ ಅದರ ಫಲಿತಾಂಶ ಮಾಮೂಲಿ ಬರುತ್ತೆ, ಟೈಮೌಟ್‌ಗೆ ಈ-ಕ್ಯಾನ್ಸಲ್ಡ್ ಬರುತ್ತೆ. ಟೈಮ್ ಮೊದಲು ಮುಗಿದ್ರೆ ಟೈಮೌಟ್‌ಗೆ ಈ-ಟೈಮ್, ರೀಡ್‌ಗೆ ಸಾಮಾನ್ಯವಾಗಿ ಈ-ಕ್ಯಾನ್ಸಲ್ಡ್. ಎರಡು ಎಂಟ್ರಿ ಹಾಕಿದ್ರೆ ಎರಡು ಉತ್ತರ, ಯಾವ ಕ್ರಮದಲ್ಲಿ ಬೇಕಾದ್ರೂ ಬರ್ಬಹುದು, ಹಾಗಾಗಿ ಎರಡಕ್ಕೂ ಬೇರೆ ಬೇರೆ ಯೂಸರ್ ಡೇಟಾ ಕೊಡಿ, ಕನೆಕ್ಷನ್‌ನ ಸ್ಟ್ರಕ್ಚರ್‌ನಲ್ಲಿ ಇನ್ನೂ ಎಷ್ಟು ಉತ್ತರ ಬರ್ಬೇಕು ಅನ್ನೋ ಕೌಂಟ್ ಒಂದಿಟ್ಕೊಳ್ಳಿ, ಅದು ಸೊನ್ನೆ ಆದ್ಮೇಲೆ ಮಾತ್ರ ಬಫರ್ ಫ್ರೀ ಮಾಡಿ.